ಮಂಡಿ ಆಪರೇಷನ್: ನೋವಿಗಿಂತ ಮೊದಲೇ ಮಾತ್ರೆ

ಮಂಡಿ ಕೀಲು ಬದಲಾಯಿಸಿಕೊಂಡು ಮನೆಗೆ ಬಂದ ಹಿರಿಯರನ್ನು ನೋವಿದೆಯಾ ಎಂದು ಕೇಳಿ. ‘ಇರಲಿ ಬಿಡು, ತಡ್ಕೋತೀನಿ’ ಅನ್ನುತ್ತಾರೆ. ಸುತ್ತಲಿನವರು ಅದನ್ನೇ ಗಟ್ಟಿತನವೆಂದು ಮೆಚ್ಚುವುದೂ ಉಂಟು. ಈ ಮೆಚ್ಚುಗೆ ಒಳ್ಳೆಯದಲ್ಲ. ನೋವು ನುಂಗಿಕೊಂಡವರು ಕಾಲು ಮಡಿಸುವುದಿಲ್ಲ, ನಡೆಯುವುದಿಲ್ಲ. ಮಡಿಸದ ಮಂಡಿ ಬಿಗಿಯುತ್ತದೆ, ಅಲುಗದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ.

ಆಪರೇಷನ್‌ಗೆ ಮೊದಲು

ದಿನವೂ ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಅರಿವಳಿಕೆ ವೈದ್ಯರಿಗೆ ತೋರಿಸಿ. ಕಿಡ್ನಿ ತೊಂದರೆ, ಹೊಟ್ಟೆಯ ಹುಣ್ಣು, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ತಪ್ಪದೆ ಹೇಳಿ. ಡೈಕ್ಲೊಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಅಂಥವರಿಗೆ ಅಪಾಯ ತರಬಹುದು.

ಮೊದಲ ರಾತ್ರಿ

ಈಗ ಹಲವು ಆಸ್ಪತ್ರೆಗಳಲ್ಲಿ ನರದ ಸುತ್ತ ಇಂಜೆಕ್ಷನ್ ಕೊಟ್ಟು ಮಂಡಿಯನ್ನು ಮರಗಟ್ಟಿಸುತ್ತಾರೆ. ರೋಗಿ ಸಂಜೆ ನಗುನಗುತ್ತಾ ಮಾತಾಡುತ್ತಿರುತ್ತಾರೆ, ‘ನೋವೇ ಇಲ್ಲ, ಮಾತ್ರೆ ಯಾಕೆ?’ ಅನ್ನುತ್ತಾರೆ. ಒಂದೇ ಸಲ ಕೊಡುವ ಇಂಜೆಕ್ಷನ್ ಆದರೆ ಅದರ ಪ್ರಭಾವ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ, ಕೆಲವರಿಗೆ ನಡುರಾತ್ರಿಯಲ್ಲೇ. ಆಗ ನೋವು ಒಮ್ಮೆಲೇ ಏರುತ್ತದೆ. ಹಾಗಾಗಿ ಕಾಲಿಗೆ ಜೋಮು ಇರುವಾಗಲೇ ಮಾತ್ರೆ ಶುರುವಾಗಬೇಕು. ನರ್ಸ್ ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಎಂದು ಕೇಳಿದಾಗ, ಮಲಗಿದ್ದಾಗ ಎಷ್ಟು, ಕಾಲು ಎತ್ತಿದಾಗ ಎಷ್ಟು ಎಂದು ಎರಡನ್ನೂ ಹೇಳಿ.

ಮನೆಯಲ್ಲಿ

ಮೊದಲ ಕೆಲವು ದಿನ ಗಡಿಯಾರ ನೋಡಿ ಮಾತ್ರೆ ಕೊಡಿ, ನೋವು ಬರಲಿ ಎಂದು ಕಾಯಬೇಡಿ. ವ್ಯಾಯಾಮಕ್ಕೆ ಅರ್ಧ, ಮುಕ್ಕಾಲು ಗಂಟೆ ಮೊದಲು ಮಾತ್ರೆ ಬೀಳುವಂತೆ ಹೊತ್ತು ಹೊಂದಿಸಿ ಕೊಡಲು ವೈದ್ಯರನ್ನೇ ಕೇಳಿ.

ಎಡವುವುದು ಪ್ಯಾರಾಸಿಟಮಾಲ್ ಲೆಕ್ಕದಲ್ಲಿ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲಿನ ಮಿತಿ. ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇದ್ದವರಿಗೆ ಅದಕ್ಕೂ ಕಡಿಮೆ. ಟ್ರಮಡಾಲ್ ಎಂಬ ನೋವಿನ ಔಷಧದ ಜೊತೆ ಸೇರಿಸಿದ ಮಾತ್ರೆಯಲ್ಲಿ, ಹಲವು ಶೀತದ ಮಾತ್ರೆಗಳಲ್ಲಿ ಕೂಡ ಪ್ಯಾರಾಸಿಟಮಾಲ್ ಇರುತ್ತದೆ. ಮಾತ್ರೆ ಪಟ್ಟಿಯ ಹಿಂಬದಿ ಓದಿ ಕೂಡಿಸಿ ನೋಡಿ. ಟ್ರಮಡಾಲ್‌ನಿಂದ ವಾಕರಿಕೆ, ತೂಕಡಿಕೆ, ಮಲಬದ್ಧತೆ ಸಾಮಾನ್ಯ. ಮಲಬದ್ಧತೆಗೆ ಔಷಧವನ್ನು ಮೊದಲ ದಿನವೇ ಕೇಳಿಕೊಳ್ಳಿ. ಮಲಬದ್ಧತೆಗೇ ಹೆದರಿ ಊಟ ಬಿಡುವ ಹಿರಿಯರಿದ್ದಾರೆ. ತೂಕಡಿಸುತ್ತಿರುವವರನ್ನು ಒಬ್ಬರೇ ಬಚ್ಚಲಿಗೆ ಕಳಿಸಬೇಡಿ.

ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ, ಗಾಯ ಒದ್ದೆಯಾಗಬಾರದು. ದಿಂಬನ್ನು ಮಂಡಿಯ ಅಡಿಗೆ ಇಟ್ಟರೆ ಹಾಯೆನಿಸುತ್ತದೆ ನಿಜ, ಆದರೆ ಮಂಡಿ ಬಾಗಿಯೇ ನಿಲ್ಲುವ ಅಭ್ಯಾಸವಾಗುತ್ತದೆ. ಹಿಮ್ಮಡಿಯ ಅಡಿಗೆ ಇಡಿ. ಎಣ್ಣೆ ಕಾಯಿಸಿ ಮೀನಖಂಡ ತಿಕ್ಕಲು ಬರುವ ನೆಂಟರನ್ನು ಕೈಮುಗಿದು ತಡೆಯಿರಿ. ಒಳಗೆ ಹೆಪ್ಪುಗಟ್ಟಿದ ರಕ್ತವಿದ್ದರೆ ತಿಕ್ಕಿದಾಗ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು.

ಕಾಯದೆ ಹೊರಡಬೇಕಾದದ್ದು

ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ಜ್ವರದ ಜೊತೆ ಗಾಯದಿಂದ ಕೀವು. ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೂ ಒಂದು ಮಾತು: ಮಾತ್ರೆಗೂ ಬಗ್ಗದ ನೋವು ಏರುತ್ತಲೇ ಹೋಗಿ, ಬೆರಳು ಮರಗಟ್ಟಿ, ಅವನ್ನು ಮೆಲ್ಲನೆ ಚಾಚಿದರೂ ಪ್ರಾಣ ಹೋದಂತಾದರೆ, ಒಳಗಿನ ಬಾವು ರಕ್ತದ ಓಡಾಟವನ್ನೇ ತಡೆದಿರಬಹುದು. ರಾತ್ರಿ ಎರಡು ಗಂಟೆಯಾದರೂ ಸರಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.