ಅಂಗಳಕ್ಕೆ ಹೊಂಗೆ ಹಾಕು ಪುಟ್ಟಿ

ಬೇಗ ಬೆಳೆಯಬೇಕು, ಗಟ್ಟಿಯಾಗಿರಬೇಕು, ನೆರಳೂ ದಟ್ಟವಾಗಿರಬೇಕು ಅಂತ ಕೇಳಿದ್ದೀಯ. ಬೇಗ ಅನ್ನುವುದೊಂದನ್ನು ಸ್ವಲ್ಪ ಬಿಟ್ಟುಕೊಡು, ಉಳಿದೆರಡು ಸಿಗುತ್ತವೆ. ದಬದಬ ಬೆಳೆಯುವ ಮರಗಳ ಕಟ್ಟಿಗೆ ಸಾಮಾನ್ಯವಾಗಿ ಮೆದು.

ನರ್ಸರಿಯವನು ಮೊದಲು ಗುಲ್‌ಮೊಹರ್ ತೋರಿಸುತ್ತಾನೆ. ಹೂ ಬಿಟ್ಟಾಗ ಅದರ ಚೆಲುವಿಗೆ ಸಾಟಿಯಿಲ್ಲ, ಒಪ್ಪಿದೆ. ಆದರೆ ಹಿರಿಯೂರಿನಂಥ ಊರಲ್ಲಿ ಮಾರ್ಚ್ ತಿಂಗಳ ಉರಿಬಿಸಿಲಿಗೆ ಅದು ಬೋಳಾಗಿ ನಿಂತಿರುತ್ತದೆ. ಮೇ ತಿಂಗಳ ಬಿರುಗಾಳಿಗೆ ಕೊಂಬೆ ಲಟಕ್ಕನೆ ಮುರಿಯುತ್ತದೆ. ಆಮೇಲೆ ಕೊನೊಕಾರ್ಪಸ್ ತೆಗೆಯುತ್ತಾನೆ. ಗುಜರಾತಿನಲ್ಲಿ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದರು. ಪರಾಗದಿಂದ ಅಲರ್ಜಿ, ಬೇರಿನಿಂದ ಪೈಪು, ಕೇಬಲ್ಲುಗಳಿಗೆ ಹಾನಿ ಅನ್ನುವ ದೂರು ಅದರ ಮೇಲಿದೆ. ಸಂಪು ಇರುವ ಮನೆಗೆ ಅದು ಬೇಡವೇ ಬೇಡ. ಬೇವು ಒಳ್ಳೆಯದೇ. ಆದರೆ ಈಚಿನ ವರ್ಷಗಳಲ್ಲಿ ಅದಕ್ಕೆ ತುದಿಯಿಂದ ಒಣಗುತ್ತಾ ಬರುವ ರೋಗ ಅಂಟಿದೆ. ಬಹಳಷ್ಟು ಮರಗಳು ಮತ್ತೆ ಚಿಗುರಿಕೊಳ್ಳುತ್ತವೆ, ನಿಜ.

ನನ್ನನ್ನು ಕೇಳಿದರೆ ಹೊಂಗೆ. ಬೇಸಿಗೆಯ ಮೊದಲಲ್ಲಿ ಕೆಲವೇ ದಿನ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಮಿರಮಿರ ಮಿಂಚುವ ಹೊಸ ಎಲೆ ತುಂಬಿಕೊಳ್ಳುತ್ತದೆ. ನಮಗೆ ನೆರಳು ಬೇಕಾಗುವುದೂ ಆಗಲೇ ತಾನೆ? ತಾಯಿಬೇರು ಆಳಕ್ಕೆ ಇಳಿಯುವುದರಿಂದ ಬರ ತಡೆಯುತ್ತದೆ. ಆಡು, ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಎಲೆಯ ಮೇಲೆ ಗಂಟುಗಂಟು ಎದ್ದರೆ ಗಾಬರಿಯಾಗಿ ಔಷಧಿ ಹೊಡೆಸಬೇಡ. ಅದು ನುಸಿಯ ಕೆಲಸ, ಮರಕ್ಕೆ ಅದರಿಂದ ದೊಡ್ಡ ತೊಂದರೆಯಿಲ್ಲ.

ಇನ್ನು ಜಾಗ. ಎಲ್ಲರೂ ಎಡವುವುದು ಇಲ್ಲೇ. ಗೇಟಿನ ಪಕ್ಕ ಚೆನ್ನಾಗಿ ಕಾಣುತ್ತದೆ ಅಂತ ನೆಟ್ಟುಬಿಡುತ್ತಾರೆ. ನಮ್ಮ ಕಡೆ ಏಪ್ರಿಲ್ ಕೊನೆಗೆ ಸೂರ್ಯ ನಡುನೆತ್ತಿಗೇ ಬರುತ್ತಾನೆ, ಮಧ್ಯಾಹ್ನದ ಬಿಸಿಲು ಸೂರಿನ ಮೇಲೆ ಬೀಳುತ್ತದೆ. ಗಿಡ ಅದನ್ನು ತಡೆಯಲಾರದು. ಗೋಡೆ ಕಾಯುವುದು ಮೂರು ಗಂಟೆಯ ಮೇಲೆ, ಪಡುವಣದಿಂದ ಓರೆಯಾಗಿ ಬೀಳುವ ಬಿಸಿಲಿಗೆ. ರಾತ್ರಿ ಹತ್ತಾದರೂ ನಿನ್ನ ಮಲಗುವ ಕೋಣೆ ಧಗಧಗ ಅನ್ನುವುದು ಆ ಗೋಡೆಯಿಂದಲೇ. ಹಾಗಾಗಿ ಪಡುವಣದ ಗೋಡೆಯಿಂದ ಹದಿನೈದು ಅಡಿ ದೂರ, ಮೇಲೆ ಕರೆಂಟಿನ ತಂತಿ ಇಲ್ಲದ ಕಡೆ ಗುಂಡಿ ತೋಡಿಸು. ಮೂಲೆ, ದಿಕ್ಕು ಅಂತ ನಿನ್ನ ಅತ್ತೆಯವರು ಯೋಚಿಸಿದರೆ, ವಾಸ್ತುವಿನವರೂ ದೊಡ್ಡ ಮರಕ್ಕೆ ಆ ಕಡೆಯನ್ನೇ ಹೇಳುತ್ತಾರೆ ಅನ್ನು, ವಾದ ಮುಗಿಯುತ್ತದೆ.

ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ ಇರಲಿ. ಮೇಲ್ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸು. ಮಳೆಗಾಲದ ಹೊತ್ತಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕಡಿಮೆ ಬೆಲೆಗೆ ಸಸಿ ಸಿಗುತ್ತದೆ. ಎತ್ತರ ನೋಡಿ ಮರುಳಾಗಬೇಡ. ಕವರಿನಲ್ಲಿ ಬಹಳ ದಿನ ಕೂತ ಸಸಿಯ ಬೇರು ತಳದಲ್ಲಿ ಚಕ್ಕುಲಿಯ ಹಾಗೆ ಸುತ್ತಿಕೊಂಡಿರುತ್ತದೆ. ಹಾಗೇ ನೆಟ್ಟರೆ ಅದು ಆಳಕ್ಕೆ ಇಳಿಯುವುದೇ ಇಲ್ಲ. ಕವರನ್ನು ಉದ್ದಕ್ಕೆ ಸೀಳಿ ನೋಡು, ಸುತ್ತಿದ್ದರೆ ಬಿಡಿಸು, ಬಿಡಿಸಲಾಗದ್ದನ್ನು ಕತ್ತರಿಸು. ಅದಕ್ಕಿಂತ ಸುಲಭವೆಂದರೆ ನಾಲ್ಕು ಹೊಂಗೆ ಬೀಜ ತಂದು, ರಾತ್ರಿ ನೀರಲ್ಲಿ ನೆನೆಸಿ, ಗುಂಡಿಯಲ್ಲೇ ಊರುವುದು. ಗಟ್ಟಿಮುಟ್ಟಾಗಿ ಬಂದದ್ದೊಂದನ್ನು ಉಳಿಸಿಕೊಂಡರಾಯಿತು.

ಮೊದಲೆರಡು ಬೇಸಿಗೆ ವಾರಕ್ಕೆರಡು ಸಲ ನೀರು ಬೇಕು. ದಿನಾ ಒಂದು ಚೊಂಬು ಸುರಿದರೆ ಬೇರು ಮೇಲೇ ಉಳಿಯುತ್ತದೆ, ಬಿಟ್ಟು ಬಿಟ್ಟು ಕೊಟ್ಟರೂ ಪಾತಿ ತುಂಬ ಕೊಡು. ಹೊಂಗೆಯನ್ನು ಅದರಷ್ಟಕ್ಕೆ ಬಿಟ್ಟರೆ ಬುಡದಲ್ಲೇ ಕವಲೊಡೆದು ಪೊದೆಯಾಗುತ್ತದೆ. ಎರಡನೇ ವರ್ಷದಿಂದ ಕೆಳಗಿನ ರೆಂಬೆಗಳನ್ನು ಒಂದೊಂದಾಗಿ ಸವರುತ್ತಾ ಬಾ, ತಲೆಯೆತ್ತಿ ಕೆಳಗೆ ಓಡಾಡುವಷ್ಟು ಎತ್ತರಕ್ಕೆ. ನಾಲ್ಕೈದು ವರ್ಷಕ್ಕೆ ಕೆಳಗೊಂದು ಮಂಚ ಹಾಕಬಹುದು.

ಅಲ್ಲಿಯವರೆಗೆ ತಡೆಯಲಾರೆ ಅನ್ನುವುದಾದರೆ ಪಕ್ಕದಲ್ಲಿ ಒಂದು ನುಗ್ಗೆ ಕೊಂಬೆ ನೆಡು. ವರ್ಷದೊಳಗೆ ತೆಳುನೆರಳೂ ಬರುತ್ತದೆ, ಸಾರಿಗೆ ಸೊಪ್ಪೂ ಆಗುತ್ತದೆ. ಗೋಡೆಗೆ ತಾಗಿಸಬೇಡ, ಮಳೆಗಾಲದಲ್ಲಿ ಕಂಬಳಿಹುಳು ಸಾಲುಗಟ್ಟಿ ಒಳಗೆ ಬರುತ್ತವೆ.

ಆ ಕಡೆ ಅಂಗಳಕ್ಕೆ ಟೈಲ್ಸ್ ಹಾಕಿಸುವ ಮಾತಿದೆಯಂತೆ. ಅಳಿಯಂದಿರಿಗೆ ಹೇಳು, ಗಿಡದ ಸುತ್ತ ನಾಲ್ಕೈದು ಅಡಿ ಮಣ್ಣು ಹಾಗೇ ಇರಲಿ, ಮೇಸ್ತ್ರಿ ಎಷ್ಟೇ ಒತ್ತಾಯ ಮಾಡಿದರೂ.