ಕಂತು ಕಟ್ಟುವುದು ಸಂಬಳ, ಕಣ್ಣಲ್ಲ

ಪ್ರಶ್ನೆ: ನಾನು ಹುಟ್ಟು ಅಂಧ. ಹನ್ನೊಂದು ವರ್ಷದಿಂದ ಸರ್ಕಾರಿ ಪ್ರೌಢಶಾಲೆಯಲ್ಲಿ ಮೇಷ್ಟ್ರು. 28 ಲಕ್ಷದ ಫ್ಲ್ಯಾಟ್ ನೋಡಿದ್ದೇವೆ. ಗೃಹಸಾಲ ಕೇಳಿದರೆ ಬ್ಯಾಂಕಿನವರು, ‘ಕಣ್ಣಿರುವವರೊಬ್ಬರು ಜೊತೆಗಿರಬೇಕು, ತಮ್ಮನನ್ನು ಜಂಟಿ ಸಾಲಗಾರ ಮಾಡಿ’ ಎಂದರು. ತಮ್ಮ ಒಪ್ಪಿದ, ಆದರೆ ಮನೆ ಪತ್ರದಲ್ಲಿ ತನ್ನ ಹೆಸರೂ ಇರಲಿ ಎನ್ನುತ್ತಾನೆ. ಎರಡು ವಾರದಿಂದ ಮನೆಯಲ್ಲಿ ಸರಿಯಾಗಿ ಮಾತಿಲ್ಲ. ಏನು ಮಾಡಲಿ?
– ಓದುಗ, ತುಮಕೂರು ಜಿಲ್ಲೆ

ಉತ್ತರ: ಮೇಷ್ಟ್ರೇ, ತಮ್ಮನ ಮೇಲೆ ಮುನಿಯಬೇಡಿ. ಹೊಣೆ ಹೊರುವವರು ಪಾಲು ಕೇಳುವುದು ಲೋಕರೂಢಿ. ತಪ್ಪು ಅವರ ಮೇಲೆ ಆ ಹೊಣೆ ಹೊರಿಸಲು ಹೊರಟ ಬ್ಯಾಂಕಿನವರದು.

ಆಸ್ತಿ ಹೊಂದಲು, ಬ್ಯಾಂಕ್ ಸಾಲ ಪಡೆಯಲು ಅಂಗವಿಕಲರಿಗೆ ಎಲ್ಲರಷ್ಟೇ ಹಕ್ಕಿದೆ ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್. ಸಾಲದಲ್ಲಿ ಭೇದ ಮಾಡಬೇಡಿ ಎಂದು ರಿಸರ್ವ್ ಬ್ಯಾಂಕೂ ಬ್ಯಾಂಕುಗಳಿಗೆ ಸೂಚಿಸಿದೆ. ನೋಡಬೇಕಾದ್ದು ನಿಮ್ಮ ಸಂಬಳದ ಚೀಟಿ, ಸಿಬಿಲ್ ಅಂಕ, ಫ್ಲ್ಯಾಟಿನ ಕಾಗದಪತ್ರ. ಸಂಬಳ ಸಾಲದೆಂದು ಜಂಟಿ ಸಾಲಗಾರರನ್ನು ಕೇಳಿದರೆ ಅದು ಲೆಕ್ಕಾಚಾರ. ಕಣ್ಣಿಲ್ಲವೆಂದು ಕೇಳಿದರೆ ಅದು ಭೇದ. ಸಂಬಳವೇ ಸಾಲದಿದ್ದರೂ, ಸಾಲಕ್ಕೆ ಸೇರಿದವರೆಲ್ಲ ಮನೆಗೆ ಒಡೆಯರಾಗಬೇಕೆಂದಿಲ್ಲ.

ಬಾಯಿಮಾತು ಬಿಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಲು ಹೇಳಿ. ಬಾಯಲ್ಲಿ ಸಲೀಸಾಗಿ ಬಂದ ಮಾತನ್ನು ಕಾಗದದ ಮೇಲಿಟ್ಟು ಸೀಲು ಒತ್ತಲು ಯಾರಾದರೂ ಯೋಚಿಸುತ್ತಾರೆ. ಆಗಲೂ ಬಗೆಹರಿಯದಿದ್ದರೆ ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ, ಅದಕ್ಕೆ ಶುಲ್ಕವಿಲ್ಲ.

ದುಡ್ಡಿನ ಲೆಕ್ಕ: 30 ಲಕ್ಷದವರೆಗಿನ ಸಾಲ ಮನೆಯ ಬೆಲೆಯ ಶೇ 90ನ್ನು ಮೀರುವಂತಿಲ್ಲ. ನಿಮಗೆ ಹೆಚ್ಚೆಂದರೆ 25.2 ಲಕ್ಷ. ಉಳಿದದ್ದು, ಮುದ್ರಾಂಕ ಮತ್ತು ನೋಂದಣಿ ಶುಲ್ಕ ಕೈಯಿಂದಲೇ. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ 80 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯಕ್ಕೆ 1.25 ಲಕ್ಷ, ವಾಸದ ಮನೆಯ ಸಾಲದ ಬಡ್ಡಿಗೆ 2 ಲಕ್ಷದವರೆಗೆ ವಿನಾಯಿತಿಯಿದೆ. ಹೊಸ ಪದ್ಧತಿಯಲ್ಲಿ ಇವೆರಡೂ ಇಲ್ಲ. ಎರಡನ್ನೂ ತೂಗಿ ನೋಡಿ.

ಕರಾರುಪತ್ರವನ್ನು ಸಹಿಗೆ ಮುಂಚೆ ಟೈಪ್ ಮಾಡಿದ ಫೈಲಾಗಿಯೇ ಕೇಳಿ. ಸ್ಕ್ಯಾನ್ ಮಾಡಿದ ಹಾಳೆಯ ಮುಂದೆ ಅಕ್ಷರ ಓದಿ ಹೇಳುವ ಸ್ಕ್ರೀನ್ ರೀಡರ್ ಎಷ್ಟೋ ಸಲ ಮೂಕವಾಗುತ್ತದೆ. ಬಡ್ಡಿ ಯಾವಾಗ ಬದಲಾಗುತ್ತದೆ, ಜೊತೆಗೆ ವಿಮೆ ಸೇರಿಸಿದ್ದಾರೆಯೇ ಎಂಬುದನ್ನು ಎರಡು ಸಲ ಕೇಳಿಸಿಕೊಳ್ಳಿ.

ಸಹಿ ಹಾಕುವ ದಿನ ತಮ್ಮನೂ ಪಕ್ಕದಲ್ಲಿರಲಿ, ಕೈಬರಹದಲ್ಲಿ ತುಂಬಿದ್ದನ್ನು ಓದಿ ಹೇಳಲಿ. ಕ್ರಯಪತ್ರದಲ್ಲಿ ನಿಮ್ಮ ಹೆಸರು ಸಾಕು. ಗೃಹಪ್ರವೇಶದ ಆಮಂತ್ರಣದಲ್ಲಿ ಅವರದೂ ಇರಲಿ.