ಬಾಣಂತಿಗೆ ಹಾಲು ಸಾಲದೆಂಬ ಮಾತು

ಹೆರಿಗೆಯಾದ ಎರಡನೆಯ ದಿನವೇ ‘ತಾಯಿಗೆ ಹಾಲಿಲ್ಲ’ ಎಂಬ ಮಾತು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮನೆಗಳಲ್ಲಿ ಕೇಳಿಬರುವುದುಂಟು. ಒಡನೆಯೇ ಸಕ್ಕರೆ ನೀರೋ, ಜೇನೋ, ಆಕಳ ಹಾಲೋ, ಡಬ್ಬಿಯ ಪುಡಿಯೋ ಕೂಸಿನ ಬಾಯಿ ಸೇರುತ್ತದೆ. ಈ ಮಾತು ಅನೇಕ ವೇಳೆ ಅವಸರದ್ದು, ಕೆಲವು ವೇಳೆ ನಿಜವಾದದ್ದು. ಎರಡನ್ನೂ ಬೇರ್ಪಡಿಸಿ ತಿಳಿಯುವುದು ಅತ್ಯವಶ್ಯಕ.

ಗರ್ಭಾವಸ್ಥೆಯಲ್ಲಿಯೇ ತಾಯಿಯ ಮೊಲೆಯಲ್ಲಿ ಗಿಣ್ಣು ಹಾಲು ಸಿದ್ಧವಾಗಿರುತ್ತದೆ. ಹಳದಿ ಬಣ್ಣದ ಈ ಮಂದ ಹಾಲು ಮೊದಲ ದಿನ ಚಮಚಗಳ ಲೆಕ್ಕದಲ್ಲಿ ಮಾತ್ರ ಬರುತ್ತದೆ. ಹಸುಗೂಸಿನ ಪುಟ್ಟ ಜಠರಕ್ಕೆ ಅಷ್ಟೇ ಸಾಕು. ರೋಗವನ್ನು ತಡೆಯುವ ಅಂಶಗಳೂ ಅದರಲ್ಲಿ ಹೇರಳವಾಗಿವೆ. ಅದನ್ನು ಹಿಂಡಿ ಚೆಲ್ಲುವುದು ಕೈಗೆ ಬಂದ ತುತ್ತನ್ನು ಕಳೆದಂತೆ. ಮಾಸು ಬಿದ್ದ ಬಳಿಕ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಇಳಿದು, ಪ್ರೊಲ್ಯಾಕ್ಟಿನ್ ತನ್ನ ಕಾರ್ಯವನ್ನಾರಂಭಿಸುತ್ತದೆ. ತುಂಬು ಹಾಲು ಇಳಿಯುವುದು ಸಾಮಾನ್ಯವಾಗಿ 2–3ನೆಯ ದಿನಕ್ಕೆ. ಮುಂದೆ ಸೇದುವ ಬಾವಿಯಂತೆ, ಹಾಲು ಹೊರಬಂದಷ್ಟೂ ಊರುತ್ತದೆ. ಕಟ್ಟಿ ನಿಂತರೆ ಊರುವುದು ಕುಗ್ಗುತ್ತದೆ. ಅನ್ಯ ಹಾಲಿನಿಂದ ಹೊಟ್ಟೆ ತುಂಬಿದ ಕೂಸು ಮೊಲೆ ಚೀಪದು. ಆಗ ಸುಳ್ಳು ಮಾತೂ ನಿಜವಾಗಿಬಿಡುತ್ತದೆ.

ಕೆಲವು ತಾಯಂದಿರಲ್ಲಿ ಹಾಲು ತಡವಾಗಿ ಇಲ್ಲವೆ ಕಡಿಮೆಯಾಗಿ ಬರುವ ಸಂಭವ ಹೆಚ್ಚು. ಚೊಚ್ಚಲ ಹೆರಿಗೆ, ಶಸ್ತ್ರಚಿಕಿತ್ಸೆಯ ಹೆರಿಗೆ, ಅತಿಯಾದ ರಕ್ತಸ್ರಾವ, ಮಧುಮೇಹ, ಥೈರಾಯ್ಡ್ ದೋಷ, ಸ್ಥೂಲಕಾಯ, ಹಿಂದೆ ಆದ ಮೊಲೆಯ ಶಸ್ತ್ರಚಿಕಿತ್ಸೆ, ದಿನ ತುಂಬದ ಕೂಸು—ಇವು ಮುಖ್ಯ ಕಾರಣಗಳು. ಇಂಥವರಿಗೆ ಮೊದಲ ಮೂರು ದಿನಗಳ ನೆರವೇ ನಿರ್ಣಾಯಕ.

ಆ ನೆರವು ಹೀಗಿರಬೇಕು. ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ತಾಯಿಯ ಬರಿ ಎದೆಗೆ ತಾಗಿಸಿ ಮಲಗಿಸಿ ಮೊಲೆಗೆ ಹಚ್ಚಬೇಕು. ತೊಟ್ಟನ್ನಷ್ಟೇ ಅಲ್ಲದೆ ಸುತ್ತಲಿನ ಕಪ್ಪು ಭಾಗವನ್ನೂ ಕೂಸು ಬಾಯ್ತುಂಬ ಹಿಡಿಯಬೇಕು. ರಾತ್ರಿಯೂ ಸೇರಿ ದಿನಕ್ಕೆ 8ರಿಂದ 12 ಸಲ ಉಣಿಸಬೇಕು. ಕೂಸು ಸರಿಯಾಗಿ ಚೀಪದಿದ್ದರೆ 2–3 ಗಂಟೆಗೊಮ್ಮೆ ಶುಚಿಯಾದ ಕೈಯಿಂದ ಹಾಲು ಹಿಂಡಿ, ಕುದಿಸಿ ಶುದ್ಧಗೊಳಿಸಿದ ಒಳಲೆಯಿಂದಲೋ ಚಮಚದಿಂದಲೋ ಕುಡಿಸಬೇಕು, ಬಾಟಲಿ ಬೇಡ. ಬಾಣಂತಿಗೆ ನೀರು ಕೊಡಬಾರದೆಂಬ ಕಟ್ಟುಪಾಡನ್ನು ಬಿಡಬೇಕು. ಅಳ್ವಿ ಪಾಯಸ, ಸಬ್ಬಸಿಗೆ ಪಲ್ಯ ಪುಷ್ಟಿಕರವೇ ಸರಿ. ಆದರೆ ಅವು ಕೂಸಿನ ಚೀಪುವಿಕೆಗೆ ಬದಲಿಯಲ್ಲ.

ಹಾಲು ಸಾಲುತ್ತಿದೆಯೆಂದು ಅರಿಯಲು ಅಳುವೊಂದೇ ಅಳತೆಯಲ್ಲ. 5ನೆಯ ದಿನದಿಂದ ಕೂಸು ದಿನಕ್ಕೆ 6 ಸಲವಾದರೂ ಮೂತ್ರ ಮಾಡಬೇಕು. ಕಪ್ಪು ಮಲ ಹಳದಿಗೆ ತಿರುಗಿರಬೇಕು. ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಬೇಕು. ತೂಕ ನೂರಕ್ಕೆ 10ರಷ್ಟು ಇಳಿದರೆ, ಕೂಸು ಮಂಕಾಗಿ ಹಾಲುಣ್ಣಲೂ ಏಳದಿದ್ದರೆ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಅವರು ಮೇಲುಹಾಲು ಬೇಕೆಂದರೆ ಕೊಡಬೇಕು, ಎದೆಹಾಲನ್ನೂ ಮುಂದುವರಿಸಬೇಕು. ತಾಯಿಯನ್ನು ದೂರುವುದು ಸಲ್ಲದು: ಆಕೆಯಲ್ಲಿ ಬರುವಷ್ಟು ಹಾಲೂ ಕೂಸಿಗೆ ಅಮೃತವೇ.

ಡಬ್ಬಿ ಹಾಲು ಮತ್ತು ಬಾಟಲಿಗಳ ಜಾಹೀರಾತನ್ನು 1992ರ ಕಾಯಿದೆ ನಿಷೇಧಿಸಿದೆ. ಸ್ತನ್ಯಪಾನವನ್ನು ಪ್ರೋತ್ಸಾಹಿಸುವ ‘ಮಾ’ ಕಾರ್ಯಕ್ರಮ 2016ರಲ್ಲಿ ದೇಶದಲ್ಲಿ ಆರಂಭವಾಯಿತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದಿತು. ಆದರೆ ಬಾಣಂತಿಯ ಮಗ್ಗುಲಲ್ಲಿ ಮಧ್ಯರಾತ್ರಿ ಕುಳಿತಿರುವವರು ಮನೆಯವರೇ. ‘ಹಾಲಿಲ್ಲ’ವೆನ್ನುವ ಮೊದಲ ನಾಲಗೆಯೂ ಅವರದೇ.

ಆದುದರಿಂದ ಗುರುಗಳು ಪಾಲಕರ ಸಭೆಯಲ್ಲಿ ಈ ವಿಷಯವನ್ನು ಸಂಕೋಚವಿಲ್ಲದೆ ತಿಳಿಸಲಿ. ಹಳೆಯ ವಿದ್ಯಾರ್ಥಿಗಳು ಪತಿಯಾಗಿ, ಅಣ್ಣನಾಗಿ ಬಾಣಂತಿಗೆ ಧೈರ್ಯ ಹೇಳಲಿ. ದಾನಿಗಳು ಊರಿನ ಆಸ್ಪತ್ರೆಯಲ್ಲಿ ಹಾಲೂಡಿಸಲು ಮರೆಯಾದ ಕೋಣೆಯೊಂದನ್ನು ಕಟ್ಟಿಸಲಿ. ಶಾಲೆಗೆ ಬರುವ ಮಗುವಿನ ಮೊದಲ ಪಾಠ ತಾಯಿಯ ಮಡಿಲಲ್ಲಿ. ಆ ಪಾಠ ನಡೆಯುವಂತೆ ನೋಡಿಕೊಳ್ಳುವುದೂ ವಿದ್ಯಾದಾನವೇ ಅಲ್ಲವೇ?